‘ಸೆಟ್’ ಪದದ ಅರ್ಥಗಳೆಷ್ಟು?

ಇಂಗ್ಲಿಷಿನ ‘ಸೆಟ್’ ಮೂರೇ ಅಕ್ಷರದ ಪದ. 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೆಯ ಆವೃತ್ತಿಯಲ್ಲಿ ಅದರ ವಿವರಣೆ ಸುಮಾರು 60,000 ಪದಗಳಷ್ಟು ಹರಡಿದೆ. ಅರ್ಥಗಳು 430 ಎಂಬ ಲೆಕ್ಕ ಪ್ರಸಿದ್ಧ. ಸೂರ್ಯ ಮುಳುಗುವುದು, ಸಿಮೆಂಟು ಗಟ್ಟಿಯಾಗುವುದು, ಮುರಿದ ಮೂಳೆ ಕೂಡಿಸುವುದು, ಪ್ರಶ್ನೆಪತ್ರಿಕೆ ತಯಾರಿಸುವುದು, ದಾಖಲೆ ನಿರ್ಮಿಸುವುದು ಎಲ್ಲಕ್ಕೂ ಅದೇ ಕ್ರಿಯಾಪದ. ನಾಮಪದವಾದರೆ ಟೆನಿಸ್ ಪಂದ್ಯದ ಒಂದು ಭಾಗ, ನಾಟಕದ ರಂಗಸಜ್ಜು, ಗಣಿತದ ಗಣ.

ಕ್ರಿಯಾಪದದ ಮೂಲ ಹಳೆಯ ಇಂಗ್ಲಿಷಿನ ‘ಸೆಟ್ಟನ್’, ಅಂದರೆ ಕೂರಿಸು. ಗಣಪತಿ ಕೂರಿಸುವ, ಬಾಗಿಲು ಕೂರಿಸುವ ಕನ್ನಡಿಗರಿಗೆ ಈ ಹಬ್ಬುವಿಕೆ ಅಪರಿಚಿತವಲ್ಲ. ಗುಂಪು ಎಂಬರ್ಥದ ನಾಮಪದಕ್ಕೆ ಮಾತ್ರ ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ಸೆಕ್ಟಾ’ದ ಬೆರಕೆಯಿದೆ. ಹೀಗಿರುವಾಗ ‘ಸೆಟ್’ ಒಂದೇ ಪದ ಎನ್ನುವುದೂ ಅಷ್ಟು ಸಲೀಸಲ್ಲ.

ಫ್ರೆಂಚ್ ಭಾಷಾವಿಜ್ಞಾನಿ ಮಿಷೆಲ್ ಬ್ರೆಆಲ್ 1897ರಲ್ಲಿ ಈ ಅನೇಕಾರ್ಥತೆಗೆ ‘ಪಾಲಿಸೆಮಿ’ ಎಂಬ ಪಾರಿಭಾಷಿಕ ಹೆಸರು ಕೊಟ್ಟ. ಆಮೇಲಿನ ಚರ್ಚೆಯ ಚರಿತ್ರೆ ಈ ಸಭೆಯ ವಿದ್ವಾಂಸರಿಗೆ ಕರತಲಾಮಲಕ. ಅವರಲ್ಲಿ ಹಲವರು ಅದಕ್ಕೆ ತಮ್ಮ ಪಾಲನ್ನೂ ಸೇರಿಸಿದ್ದಾರೆ. ನಿಘಂಟುಶಾಸ್ತ್ರ ದಾರಿ ತಪ್ಪಿದ್ದು ಎಣಿಕೆಯ ಮೋಹದಲ್ಲಿ. ಆಕ್ಸ್‌ಫರ್ಡಿನ ಸಂಪಾದಕ ಪೀಟರ್ ಗಿಲಿವರ್ ‘ರನ್’ ಎಂಬ ಕ್ರಿಯಾಪದದ ಮೇಲೆ ಒಂಬತ್ತು ತಿಂಗಳು ದುಡಿದು 645 ಅರ್ಥಗಳನ್ನು ವಿಂಗಡಿಸಿದರು. ಆ ತಪಸ್ಸಿಗೆ ನಮಸ್ಕಾರ ಸಲ್ಲಬೇಕು. ಆದರೆ ಲೋಕದ ನೆನಪಿನಲ್ಲಿ ಉಳಿದದ್ದು ‘ಸೆಟ್’ ಸೋತು ‘ರನ್’ ಗೆದ್ದಿತು ಎಂಬ ಸುದ್ದಿ ಮಾತ್ರ.

ಒಂದು ಅರ್ಥ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ? ಸಿಮೆಂಟು ಬಿಗಿಯುವುದು, ಜೆಲ್ಲಿ ಹೆಪ್ಪುಗಟ್ಟುವುದು, ಕೋಪಕ್ಕೆ ಮುಖ ಗಡುಸಾಗುವುದು ಒಂದೇ ಅರ್ಥವೋ ಮೂರೋ? ಒಂದೇ ಕ್ರಿಯಾಪದವನ್ನು ಎರಡು ಕರ್ಮಗಳಿಗೆ ಹಂಚಿ ನೋಡುವ ಪರೀಕ್ಷೆಯೊಂದುಂಟು. ಮೇಜನ್ನೂ ದಾಖಲೆಯನ್ನೂ ಒಟ್ಟಿಗೆ ‘ಸೆಟ್’ ಮಾಡಿದರೆ ಇಂಗ್ಲಿಷಿನವರ ಕಿವಿಗೆ ಅದು ಒಡನೆ ಕಟುವಾಗುತ್ತದೆ. ಸಿಮೆಂಟು ಮತ್ತು ಜೆಲ್ಲಿಯ ವಿಷಯದಲ್ಲಿ ಪರೀಕ್ಷೆ ಏನನ್ನೂ ಖಚಿತವಾಗಿ ಹೇಳುವುದಿಲ್ಲ. ಪದದ ಅರ್ಥಗಳೆಂಬ ಬಿಡಿ ಘಟಕಗಳಲ್ಲಿ ತಮಗೆ ನಂಬಿಕೆಯಿಲ್ಲವೆಂದು ನಿಘಂಟುತಜ್ಞ ಆಡಮ್ ಕಿಲ್‌ಗ್ಯಾರಿಫ್ 1997ರಲ್ಲೇ ಬರೆದರು. ಪದವನ್ನು ಅದರ ಒಡನಾಡಿಗಳಿಂದ ಅರಿಯಬೇಕೆಂದು ಭಾಷಾವಿಜ್ಞಾನಿ ಜೆ. ಆರ್. ಫರ್ತ್ ಅದಕ್ಕೂ ಮೊದಲೇ ಹೇಳಿದ್ದರು. ಆ ದಾರಿಯಲ್ಲಿ ನಡೆದ ಜಾನ್ ಸಿಂಕ್ಲೇರ್ ಅವರ ಕೋಬಿಲ್ಡ್ ನಿಘಂಟು 1987ರಲ್ಲಿ ಅರ್ಥವನ್ನು ಪೂರ್ತಿ ವಾಕ್ಯಗಳಲ್ಲಿ ವಿವರಿಸಿತು. ಆದರೂ ಅಚ್ಚಿನ ಪುಟ 1, 2, 3 ಎಂಬ ಅಂಕಿಗಳನ್ನು ಕೇಳುತ್ತದೆ. ಪ್ರಶ್ನೆ ಬಗೆಹರಿದಿಲ್ಲ.

ಕನ್ನಡಕ್ಕೆ ಬಂದ ‘ಸೆಟ್’ ಪಂಪ್‌ಸೆಟ್ಟಾಗಿ ಹೊಲಕ್ಕಿಳಿಯಿತು, ಸೆಟ್ ದೋಸೆಯಾಗಿ ಹೋಟೆಲಿಗೆ ಹೋಯಿತು. ‘ಆ ಊರು ಅವನಿಗೆ ಸೆಟ್ ಆಗಲಿಲ್ಲ’ ಎನ್ನುವಾಗ ಒಗ್ಗು ಎಂಬ ಅರ್ಥ ಬರುತ್ತದೆ; ಅದು ಇಂದಿನ ಪ್ರಮಾಣ ಇಂಗ್ಲಿಷಿನ ‘ಸೆಟ್’ಗೆ ಇಲ್ಲ, ನಮ್ಮ ಆಡುಮಾತು ಕೊಟ್ಟದ್ದು. ಇಂಥ ಬಳಕೆಗಳನ್ನು ಕಲಬೆರಕೆಯೆಂದು ತಳ್ಳದೆ, ಜನ ಆಡಿದ ವಾಕ್ಯಗಳ ಸಮೇತ ಸಂಗ್ರಹಿಸುವ ಕೆಲಸವನ್ನು ಇಲ್ಲಿರುವ ಕಿರಿಯ ಸಂಶೋಧಕರು ಕೈಗೆತ್ತಿಕೊಳ್ಳಬೇಕು. ಅಂಕಿ ಹಾಕುವುದು ಆಮೇಲಿನ ಮಾತು.