ದಿನ ತುಂಬದೆ ಹುಟ್ಟಿದ ಕಣ್ಣು



1851ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ತನ್ನ ಆಫ್ತಾಲ್ಮೊಸ್ಕೋಪನ್ನು ಪ್ರಕಟಿಸಿದ. ಬದುಕಿರುವವರ ಅಕ್ಷಿಪಟವನ್ನು ವೈದ್ಯ ಕಣ್ಣಾರೆ ನೋಡುವ ದಾರಿ ಅಲ್ಲಿಂದ ತೆರೆಯಿತು. 1991ರಲ್ಲಿ ಬಂದ ಒಸಿಟಿ (ಆಪ್ಟಿಕಲ್ ಕೊಹಿರೆನ್ಸ್ ಟೊಮೊಗ್ರಫಿ) ಅದರ ಪದರಗಳನ್ನೇ ಬಿಡಿಸಿ ತೋರಿಸಿತು. ಹೊಸ ಯಂತ್ರಗಳ ಚರ್ಚೆ ನೇತ್ರ ವೈದ್ಯರ ಈ ಸಮ್ಮೇಳನದಲ್ಲಿ ಧಾರಾಳವಾಗಿ ನಡೆಯಲಿದೆ, ನಡೆಯಲೂ ಬೇಕು. ಅಧ್ಯಕ್ಷನಾಗಿ ನಾನು ವಾದಿಸಬಯಸುವುದು ಒಂದೇ ವಿಷಯ: ನವಜಾತ ಶಿಶುವಿನ ಅಕ್ಷಿಪಟದ ಚಿತ್ರ ತೆಗೆಯುವ ಕೆಲಸವನ್ನು ತರಬೇತಾದ ತಂತ್ರಜ್ಞರಿಗೆ ಒಪ್ಪಿಸದೆ, ದಿನ ತುಂಬದೆ ಹುಟ್ಟಿದ ಶಿಶುಗಳ ಅಕ್ಷಿಪಟ ರೋಗವಾದ ಆರ್‌ಒಪಿಯಿಂದ ಬರುವ ಅಂಧತ್ವವನ್ನು ನಾವು ತಡೆಯಲಾರೆವು.

ಗರ್ಭದಲ್ಲಿ ಅಕ್ಷಿಪಟದ ರಕ್ತನಾಳಗಳು ಸುಮಾರು ಹದಿನಾರನೇ ವಾರದಲ್ಲಿ ಹೊರಟು, ಅಂಚು ತಲುಪುವ ಹೊತ್ತಿಗೆ ಹೆಚ್ಚುಕಡಿಮೆ ದಿನ ತುಂಬಿರುತ್ತದೆ. ಮಗು ಮೊದಲೇ ಹುಟ್ಟಿದರೆ ಆ ಬೆಳವಣಿಗೆ ನಡುವೆ ನಿಲ್ಲುತ್ತದೆ. ಆಮೇಲೆ ಆಮ್ಲಜನಕಕ್ಕೆ ಹಸಿದ ಅಕ್ಷಿಪಟ ಅಡ್ಡಾದಿಡ್ಡಿ ನಾಳಗಳನ್ನು ಹುಟ್ಟಿಸುತ್ತದೆ. ಅವು ಎಳೆದು ಅಕ್ಷಿಪಟವನ್ನೇ ಕಿತ್ತುಬಿಡಬಹುದು. 1942ರಲ್ಲಿ ಅಮೆರಿಕದ ನೇತ್ರ ವೈದ್ಯ ಟೆರ್ರಿ ಈ ರೋಗವನ್ನು ವರ್ಣಿಸಿದ. ಹದ್ದಿಲ್ಲದೆ ಕೊಟ್ಟ ಆಮ್ಲಜನಕ ಇದಕ್ಕೆ ಕಾರಣವೆಂದು ಐವತ್ತರ ದಶಕದಲ್ಲಿ ಸಾಬೀತಾಯಿತು. ಹೆದರಿ ಆಮ್ಲಜನಕವನ್ನು ತೀರಾ ಕಡಿತಗೊಳಿಸಿದಾಗ ಕಣ್ಣು ಉಳಿದರೂ ಶಿಶುಗಳು ಸತ್ತವು. ತಡೆದ ಒಂದೊಂದು ಅಂಧತ್ವಕ್ಕೂ ಸುಮಾರು ಹದಿನಾರು ಸಾವುಗಳ ಬೆಲೆ ತೆತ್ತಿದ್ದೇವೆಂದು 1973ರಲ್ಲಿ ಸಂಶೋಧಕ ಕ್ರಾಸ್ ಅಂದಾಜು ಮಾಡಿದ. ಆದ್ದರಿಂದ ಆಮ್ಲಜನಕವನ್ನು ಅಳೆದು ಕೊಡುವುದು ಎಷ್ಟು ಮುಖ್ಯವೋ, ಕಣ್ಣನ್ನು ಹೊತ್ತಿಗೆ ಸರಿಯಾಗಿ ನೋಡುವುದೂ ಅಷ್ಟೇ ಮುಖ್ಯ. ನಮ್ಮ ದೇಶದ ಮಾರ್ಗಸೂಚಿಯ ಪ್ರಕಾರ 2,000 ಗ್ರಾಂಗಿಂತ ಕಡಿಮೆ ತೂಕದ ಅಥವಾ 34 ವಾರಕ್ಕೆ ಮುಂಚೆ ಹುಟ್ಟಿದ ಮಗುವಿನ ಕಣ್ಣನ್ನು ಒಂದು ತಿಂಗಳೊಳಗೆ ಪರೀಕ್ಷಿಸಬೇಕು; ಅತಿ ಚಿಕ್ಕ ಮಗುವಾದರೆ ಎರಡು ಮೂರು ವಾರದಲ್ಲೇ. ಚಿಕಿತ್ಸೆ ಬೇಕೆಂದು ಕಂಡರೆ ಎರಡು ಮೂರು ದಿನದೊಳಗೆ ಲೇಸರ್ ಆಗಬೇಕು. ಇಷ್ಟು ಕಿರಿದಾದ ಅವಧಿಯ ರೋಗಕ್ಕೆ ದೂರದ ತಜ್ಞರ ಬಿಡುವನ್ನು ಕಾಯುವುದು ಹೇಗೆ?

ಈ ಪ್ರಶ್ನೆಗೆ ಉತ್ತರವೊಂದು ಕರ್ನಾಟಕದಲ್ಲೇ ಹುಟ್ಟಿತು. 2008ರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದಿಂದ ಡಾ. ಆನಂದ್ ವಿನೇಕರ್ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೆ ಹೋಗುತ್ತಾರೆ. ಚಿತ್ರ ತೆಗೆದು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸುತ್ತಾರೆ. ತಜ್ಞರು ದೂರದಿಂದಲೇ ನೋಡಿ ತೀರ್ಮಾನ ಹೇಳುತ್ತಾರೆ. ವೈದ್ಯರಲ್ಲದವರ ಕೈಗೆ ಕಣ್ಣು ಕೊಡುವುದೇ ಎಂದು ನಮ್ಮಲ್ಲಿ ಹಲವರಿಗೆ ಅಳುಕಿದೆ. ಆ ಅಳುಕು ಪ್ರಾಮಾಣಿಕವಾದದ್ದು. ಅದಕ್ಕೆ ಸಾಕ್ಷ್ಯದಿಂದಲೇ ಉತ್ತರ ಕೊಡಬೇಕು. ಉತ್ತರ ಅಮೆರಿಕದಲ್ಲಿ 1,257 ಶಿಶುಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇ-ಆರ್‌ಒಪಿ ಅಧ್ಯಯನದಲ್ಲಿ, ತಜ್ಞರ ಪರೀಕ್ಷೆಗೆ ಕಳಿಸಬೇಕಾದ ಶಿಶುಗಳಲ್ಲಿ ಶೇ. 90ರಷ್ಟನ್ನು ವೈದ್ಯರಲ್ಲದ ತರಬೇತಾದ ಓದುಗರು ಚಿತ್ರದಿಂದಲೇ ಗುರುತಿಸಿದರು. ಉಳಿದ ಶೇ. 10 ಸಣ್ಣದಲ್ಲ, ನಿಜ. ಆದರೆ ಆ ಮಕ್ಕಳಿಗಾಗಿಯೇ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡುತ್ತೇವೆ, ಅನುಮಾನವಿದ್ದಲ್ಲಿ ತಜ್ಞರೇ ನೋಡುತ್ತಾರೆ. ಈ ಲೆಕ್ಕವನ್ನು, ಯಾರೂ ಕಣ್ಣು ನೋಡದೆ ಮನೆಗೆ ಹೋದ ಮಗುವಿನ ಎದುರು ಇಟ್ಟು ತೂಗಬೇಕಲ್ಲದೆ, ತಜ್ಞರೇ ಪಕ್ಕದಲ್ಲಿ ನಿಂತಿರುವ ಆದರ್ಶ ಸ್ಥಿತಿಯ ಎದುರು ಅಲ್ಲ.

ಕ್ಯಾಮೆರಾಗೆ ಅಕ್ಷಿಪಟದ ತುದಿಯಂಚು ಪೂರ್ತಿ ಸಿಗದು ಎಂಬ ಆಕ್ಷೇಪಕ್ಕೂ ತಿರುಳಿದೆ. ಆದರೆ ತುರ್ತು ಚಿಕಿತ್ಸೆ ಬೇಡುವ ರೋಗ ಮುಖ್ಯವಾಗಿ ಅಕ್ಷಿಪಟದ ಮೂರು ವಲಯಗಳಲ್ಲಿ ಒಳಗಿನ ಎರಡರದ್ದು; ಅಲ್ಲಿ ಚಿತ್ರ ಚೆನ್ನಾಗಿ ಬರುತ್ತದೆ. ಜೊತೆಗೆ ಚಿತ್ರಕ್ಕೆ ಇನ್ನೊಂದು ಶಕ್ತಿಯಿದೆ, ಅದನ್ನು ನಾವು ಸಾಕಷ್ಟು ಗಮನಿಸಿಲ್ಲ. ನಾನು ನೋಡಿ ಕಾಗದದ ಮೇಲೆ ಗೀಚಿದ್ದು ನನ್ನ ಅಭಿಪ್ರಾಯ. ಚಿತ್ರವಾದರೆ ಇನ್ನೊಬ್ಬರು ತೆರೆದು ನನ್ನ ತೀರ್ಮಾನವನ್ನು ಪ್ರಶ್ನಿಸಬಹುದು, ಕಳೆದ ವಾರದ್ದರೊಡನೆ ಹೋಲಿಸಬಹುದು. ನಾಳಗಳು ಎಷ್ಟು ಹಿಗ್ಗಿ ಸುತ್ತಿಕೊಂಡಿವೆ ಎಂಬುದರಲ್ಲಿ ಅನುಭವಿಗಳೂ ಒಮ್ಮತಕ್ಕೆ ಬರದ ರೋಗವಿದು. ಇಂಥಲ್ಲಿ ಈ ತೆರೆದ ಸಾಕ್ಷ್ಯ ವೈದ್ಯರಿಗೂ ರಕ್ಷೆ, ಮಗುವಿಗೂ ರಕ್ಷೆ. ಇನ್ನು ಕೃತಕ ಬುದ್ಧಿಮತ್ತೆ ಎಲ್ಲವನ್ನೂ ಓದಿಬಿಡುತ್ತದೆ ಎನ್ನುವವರು ಥಾಯ್ಲೆಂಡಿನ ಅನುಭವವನ್ನು ನೆನೆಯಬೇಕು. ಅಲ್ಲಿ ಮಧುಮೇಹಿಗಳ ಕಣ್ಣು ಪರೀಕ್ಷೆಗೆ ಗೂಗಲ್ ಕೊಟ್ಟ ವ್ಯವಸ್ಥೆ, ಚಿತ್ರದ ಗುಣಮಟ್ಟ ಸಾಲದೆಂದು ಐದರಲ್ಲಿ ಒಂದಕ್ಕಿಂತ ಹೆಚ್ಚು ಚಿತ್ರಗಳನ್ನು ತಿರಸ್ಕರಿಸಿತೆಂದು 2020ರಲ್ಲಿ ವರದಿಯಾಯಿತು. ಓದುವ ಯಂತ್ರ ಎಷ್ಟೇ ಚುರುಕಾಗಲಿ, ಚಿತ್ರ ತೆಗೆಯುವ ಕೈ ಪಳಗಿರಬೇಕು.

ಪರೀಕ್ಷೆ ತಪ್ಪಿದರೆ ಬೆಲೆ ತೆರುವುದು ಮಗು. 2015ರಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ದಿನ ತುಂಬದೆ ಹುಟ್ಟಿದ ಹೆಣ್ಣುಮಗುವೊಂದಕ್ಕೆ ಈ ಕಣ್ಣಿನ ಪರೀಕ್ಷೆಯನ್ನು ಮಾಡದೆ ಬಿಟ್ಟದ್ದು ನಿರ್ಲಕ್ಷ್ಯವೆಂದು ಹೇಳಿ ಸುಮಾರು 1.8 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಆ ಹುಡುಗಿಗೆ ಆಗ ಹದಿನೆಂಟು ದಾಟಿತ್ತು, ದೃಷ್ಟಿ ಮರಳಲಿಲ್ಲ. ಸರ್ಕಾರವನ್ನು ನಾನು ಕೇಳಿಕೊಳ್ಳುವುದು ಇಷ್ಟು: ನವಜಾತ ಶಿಶು ಘಟಕಕ್ಕೆ ವೆಂಟಿಲೇಟರ್ ಮಂಜೂರು ಮಾಡುವ ಆದೇಶದಲ್ಲೇ ಕ್ಯಾಮೆರಾ ಸೇವೆಯನ್ನೂ, ತಂತ್ರಜ್ಞರ ಕಾಯಂ ಹುದ್ದೆಯನ್ನೂ ಸೇರಿಸಿ. ಮಕ್ಕಳ ವೈದ್ಯ ಮಿತ್ರರೇ, ಡಿಸ್ಚಾರ್ಜ್ ಚೀಟಿಯಲ್ಲಿ ಕಣ್ಣಿನ ಪರೀಕ್ಷೆಯ ತಾರೀಖನ್ನು ಕನ್ನಡದಲ್ಲಿ ಬರೆದು, ತಾಯಿಗೆ ಓದಿ ಹೇಳಿ, ಆಮೇಲೆ ಮಗುವನ್ನು ಮನೆಗೆ ಕಳಿಸಿ.