ಹಕ್ಕಿಗೆ ತಕ್ಕ ಚರೆ

ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಶಿಕಾರಿ ಕಾಲದ ಮಾತೆತ್ತಿದರೆ ಎಲ್ಲರ ಬಾಯಲ್ಲೂ ಹುಲಿ, ಇಲ್ಲವೇ ಕಾಕನಕೋಟೆಯ ಆನೆ ಹಿಡಿಯುವ ಖೆಡ್ಡಾ. ಹಕ್ಕಿ ಶಿಕಾರಿಯನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ನಿಜವಾಗಿ ಲೆಕ್ಕ ಬೇಕಾಗಿದ್ದದ್ದು ಅಲ್ಲಿಯೇ.

ಹುಲಿಗೆ ಒಂದು ಗುಂಡು ಸಾಕು. ಹಾರುವ ಹಕ್ಕಿಗೆ ಬೇಕಾದದ್ದು ಚರೆ, ಅಂದರೆ ಸೀಸದ ಸಣ್ಣ ಉಂಡೆಗಳು. ಚರೆ ತುಂಬಿದ ತೋಟೆಯ ಬಾಯಿಗೆ ಮುಚ್ಚಿದ ರಟ್ಟಿನ ಬಿಲ್ಲೆಯ ಮೇಲೆ ನಂಬರು ಅಚ್ಚಾಗಿರುತ್ತಿತ್ತು. ನಂಬರು ಏರಿದಷ್ಟೂ ಚರೆ ಸಣ್ಣದು. ನಮ್ಮಲ್ಲಿ ಬಳಕೆಯಲ್ಲಿದ್ದ ಬ್ರಿಟಿಷ್ ಲೆಕ್ಕದಲ್ಲಿ ಒಂದು ಔನ್ಸಿಗೆ, ಎಂದರೆ 28 ಗ್ರಾಂಗೆ, 4ನೇ ನಂಬರಾದರೆ ಸುಮಾರು 170 ಚರೆ, 6 ಆದರೆ 270, 8 ಆದರೆ 450.

ಹಾಗಾದರೆ ಹೆಚ್ಚು ಚರೆ ಇರುವುದನ್ನೇ ತುಂಬಿದರಾಯಿತಲ್ಲ ಎನ್ನಬೇಡಿ. ಸಣ್ಣ ಚರೆ ದಟ್ಟವಾಗಿ ಹರಡುತ್ತದೆ ನಿಜ, ಆದರೆ ಬೇಗ ವೇಗ ಕಳೆದುಕೊಳ್ಳುತ್ತದೆ. ಹುರುಳಿ ಹೊಲದಲ್ಲಿ ಕಾಲ ಬುಡದಿಂದಲೇ ಬುರ್ರೆಂದು ಏಳುವ ಲಾವಕ್ಕಿಗೆ 8 ಸರಿ. ಬೇಲಿಸಾಲಿನ ಗೌಜಲಹಕ್ಕಿಗೆ 6 ಅಥವಾ 7. ಕಾಡಂಚಿನ ಕಾಡುಕೋಳಿಯ ಮೈತುಂಬ ದಪ್ಪ ಗರಿ, ಅದು ಏಳುವುದೂ ದೂರದಲ್ಲಿ. ಅದಕ್ಕೆ 8ನೇ ನಂಬರು ಹೊಡೆದರೆ ಗಾಯವಾದೀತೇ ಹೊರತು ಹಕ್ಕಿ ಬೀಳದು, ಲಂಟಾನದೊಳಗೆ ನುಗ್ಗಿ ನರಳಿ ಸಾಯುತ್ತದೆ. ಕೈಗೆ ಸಿಗದ ಇಂಥ ಹಕ್ಕಿಯೇ ಒಳ್ಳೆಯ ಶಿಕಾರಿಯವನಿಗೆ ದೊಡ್ಡ ನಾಚಿಕೆ.

ಬಲ್ಲವರು ಮೊದಲು ಕೋವಿಯನ್ನೇ ಪರೀಕ್ಷಿಸುತ್ತಿದ್ದರು. 40 ಗಜ ದೂರದಲ್ಲಿ ದೊಡ್ಡ ಕಾಗದ ಕಟ್ಟಿ ಒಂದು ಈಡು ಹೊಡೆಯುವುದು. ತೂತುಗಳು ಹೆಚ್ಚು ಬಿದ್ದ ಕಡೆ 30 ಅಂಗುಲ ಅಗಲದ ವೃತ್ತ ಎಳೆದು, ಒಳಗಿನವನ್ನು ಎಣಿಸುವುದು. ತುದಿ ಬಿಗಿಯಿರುವ ಫುಲ್ ಚೋಕ್ ನಳಿಗೆಯಾದರೆ ನೂರಕ್ಕೆ 70 ಚರೆ ಒಳಗೆ, ಸಾದಾ ನಳಿಗೆಯಾದರೆ ಸುಮಾರು 40. ವೃತ್ತದೊಳಗೆ ಹಕ್ಕಿ ನುಸುಳುವಷ್ಟು ಖಾಲಿ ಜಾಗ ಕಂಡರೆ ನಂಬರು ಬದಲಿಸಬೇಕು, ಇಲ್ಲವೇ ಇನ್ನಷ್ಟು ಹತ್ತಿರದಿಂದ ಹೊಡೆಯಬೇಕು. ನಳಿಗೆಯ ಬಾಯಿಂದ ತುಂಬುವ ಕೇಪಿನ ಕೋವಿಯವರಿಗೆ ಈ ಪಾಡು ಇನ್ನೂ ಹೆಚ್ಚು: ಮದ್ದು, ಬಟ್ಟೆ, ಚರೆ ಎಲ್ಲವನ್ನೂ ಕೈಯಳತೆಯಲ್ಲೇ ಜಡಿಯಬೇಕು. ಒಂದು ಚಿಟಿಕೆ ಹೆಚ್ಚುಕಡಿಮೆಯಾದರೂ ಹರಡುವ ರೀತಿಯೇ ಬೇರೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಶಿಕಾರಿ ಕ್ರಮೇಣ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಹೊಲದಲ್ಲಿ ಉದುರಿದ ಸೀಸವೂ ಸುಮ್ಮನಿರುವುದಿಲ್ಲ. ಕಾಳು ಅರೆಯಲೆಂದು ಹರಳು ನುಂಗುವ ಹಕ್ಕಿಗಳು ಚರೆಯನ್ನೂ ನುಂಗಿ ವಿಷವೇರಿ ಸಾಯುತ್ತವೆ.

ಚರೆ ಹೊಡೆಯುವ ವಿದ್ಯೆ ಮಾತ್ರ ಸತ್ತಿಲ್ಲ. 2004ರ ಅಥೆನ್ಸ್ ಒಲಿಂಪಿಕ್ಸಿನಲ್ಲಿ ರಾಜ್ಯವರ್ಧನ್ ಸಿಂಗ್ ರಾಥೋಡ್ ಬೆಳ್ಳಿ ಗೆದ್ದದ್ದು ಇಂಥದೇ ಚರೆಯಿಂದ. ಗುರಿ ಮಾತ್ರ ಹಕ್ಕಿಯಲ್ಲ, 11 ಸೆಂಟಿಮೀಟರ್ ಅಗಲದ, ಹಾರಿಹೋಗುವ ಬಿಲ್ಲೆ. ಪಿರಿಯಾಪಟ್ಟಣದಲ್ಲೋ ಕೆ.ಆರ್. ನಗರದಲ್ಲೋ ಗುರಿಕಾರಿಕೆಯ ಹುಚ್ಚು ಹತ್ತಿರುವ ಹುಡುಗರಿದ್ದರೆ ಆ ಬಿಲ್ಲೆಗೇ ಗುರಿಯಿಡಿ. ಮನೆಯಲ್ಲಿ ಲೈಸೆನ್ಸಿನ ಕೋವಿ ಇದೆ ಎಂದು ಗೌಜಲಹಕ್ಕಿಗೆ ಹೊಡೆದರೆ ಅದು ಅಪರಾಧ.