ಕಲೆಯ ಕಾಣಿಕೆಗೆ ಒಂದು ಮರ್ಯಾದೆ

(ಉತ್ಸವದ ಧಾರ್ಮಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಾಸರಗೋಡಿನ ಕಡೆಯ ದೇವಸ್ಥಾನಗಳಲ್ಲಿ ಹರಕೆಯ ವಸ್ತುಗಳ ಏಲಂ ನಡೆಯುವುದನ್ನು ತಾವೆಲ್ಲ ಕಂಡಿದ್ದೀರಿ. ಪೇಟೆಯಲ್ಲಿ ಅಗ್ಗವಾಗಿ ಸಿಗುವ ಒಂದು ಹಲಸಿನ ಹಣ್ಣು, ಒಂದು ಬಾಳೆಗೊನೆ ದೇವಳದ ಅಂಗಳದಲ್ಲಿ ಎಷ್ಟೋ ಪಟ್ಟು ಹೆಚ್ಚಿನ ಬೆಲೆಗೆ ಹೋಗುತ್ತದೆ. ಕೂಗಿದವನು ಹಣ್ಣಿಗೆ ಬೆಲೆ ಕಟ್ಟುವುದಲ್ಲ, ದೇವರ ಕಾರ್ಯಕ್ಕೆ ತನ್ನ ಪಾಲು ಸಲ್ಲಿಸುವುದು. ಮರುದಿನ ಪೇಟೆಯ ಧಾರಣೆ ಅದರಿಂದ ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ಚಿತ್ರಕಾರರು ಬರೆದ ಭಾವಚಿತ್ರಗಳನ್ನು ದಾನವಾಗಿ ಪಡೆದು, ಸತ್ಕಾರ್ಯದ ಸಹಾಯಾರ್ಥ ಏಲಂ ಹಾಕುವ ಪದ್ಧತಿಯೂ ಲೋಕದಲ್ಲಿದೆ. "ಹಣ ಕೊಡಲಾಗದು, ಆದರೆ ನಾಲ್ಕು ಜನ ನೋಡುತ್ತಾರೆ, ಹೆಸರು ಬರುತ್ತದೆ" ಎಂಬುದು ಕೇಳುವವರ ಮಾಮೂಲು ಮಾತು. ದಾನದಿಂದ ಕಲಾವಿದನಿಗೆ ಹೆಸರು ಬರುವುದು ನಿಜವೇ? ಬರುವುದಾದರೆ ಯಾವಾಗ?

ಲಂಡನ್ನಿನ ಒಂದು ಹಳೆಯ ನಿದರ್ಶನವಿದೆ. ಥಾಮಸ್ ಕೋರಮ್ ಎಂಬ ನಾವಿಕನ ಹಲವು ವರ್ಷಗಳ ಪ್ರಯತ್ನದಿಂದ 1739ರಲ್ಲಿ ಅಲ್ಲಿ ಅನಾಥ ಶಿಶುಗಳ ಆಶ್ರಯಧಾಮಕ್ಕೆ ರಾಜಶಾಸನ ದೊರೆಯಿತು. ಮರುವರ್ಷ ಚಿತ್ರಕಾರ ವಿಲಿಯಂ ಹೋಗಾರ್ತ್ ಕೋರಮನ ಆಳೆತ್ತರದ ಭಾವಚಿತ್ರ ಬರೆದು ಆ ಸಂಸ್ಥೆಗೆ ದಾನ ಮಾಡಿದನು. ಇತರ ಕಲಾವಿದರನ್ನೂ ದಾನಕ್ಕೆ ಪ್ರೇರೇಪಿಸಿದನು. 1748ರಲ್ಲಿ ಚಿತ್ರ ಕೊಟ್ಟ ಗೇನ್ಸ್‌ಬರೋ ಆಗಿನ್ನೂ ಇಪ್ಪತ್ತರ ಆಸುಪಾಸಿನ ತರುಣ. 1750ರಲ್ಲಿ ಹೋಗಾರ್ತ್ ತನ್ನ ಇನ್ನೊಂದು ಚಿತ್ರವನ್ನು ಲಾಟರಿಗಿಟ್ಟು, ಮಾರಾಟವಾಗದೆ ಉಳಿದ 167 ಚೀಟಿಗಳನ್ನು ಆಶ್ರಯಧಾಮಕ್ಕೇ ಕೊಟ್ಟನು. ಬಹುಮಾನದ ಚೀಟಿ ಅವುಗಳಲ್ಲೇ ಇತ್ತು!

ಚಿತ್ರಗಳನ್ನು ನೋಡಲು ಸಿರಿವಂತರು ಬಂದರು, ಮಕ್ಕಳಿಗೆ ನೆರವು ದೊರೆಯಿತು, ಕಲಾವಿದರಿಗೆ ಪ್ರಸಿದ್ಧಿಯೂ ಬಂತು. ಅಲ್ಲಿ ಒಟ್ಟುಗೂಡಿದ ಕಲಾವಿದರ ಉತ್ಸಾಹವೇ 1760ರ ಸಾರ್ವಜನಿಕ ಪ್ರದರ್ಶನಕ್ಕೂ, ಮುಂದೆ 1768ರಲ್ಲಿ ರಾಯಲ್ ಅಕಾಡೆಮಿಯ ಸ್ಥಾಪನೆಗೂ ಹಾದಿ ಮಾಡಿತು. ಆದರೆ ಒಂದು ವಿಷಯ ಮರೆಯಬಾರದು. ಹೋಗಾರ್ತ್ ಆ ಸಂಸ್ಥೆಯ ಆಡಳಿತ ಮಂಡಳಿಯ ಸದಸ್ಯನಾಗಿದ್ದನು. 1746ರಲ್ಲಿ ಇನ್ನೂ ಹಲವು ಕಲಾವಿದರು ಸದಸ್ಯರಾದರು. ಚಿತ್ರಗಳು ಅಲ್ಲಿಯ ಗೋಡೆಗಳಲ್ಲಿ ಬಹುಕಾಲ ಉಳಿದವು. ಅಂದರೆ ಅವರು ಬೇಡಿಸಿಕೊಂಡು ಕೊಟ್ಟು ಮರೆಯಾದವರಲ್ಲ, ಆ ಪುಣ್ಯಕಾರ್ಯದ ಪಾಲುದಾರರು.

1915ರಲ್ಲಿ, ಮೊದಲ ಮಹಾಯುದ್ಧದ ಕಾಲದಲ್ಲಿ, ಲಂಡನ್ನಿನಲ್ಲೇ ರೆಡ್‌ಕ್ರಾಸ್ ಸಹಾಯಾರ್ಥ ಏಲಂ ಒಂದು ನಡೆಯಿತು. ಪ್ರಸಿದ್ಧ ಚಿತ್ರಕಾರ ಸಾರ್ಜೆಂಟ್ ಇನ್ನೂ ಬರೆಯದ ಒಂದು ಭಾವಚಿತ್ರವನ್ನು, ಬರೀ ಕ್ಯಾನ್ವಾಸನ್ನು, ದಾನವಾಗಿ ಸಾರಿದನು. ಐರ್ಲೆಂಡಿನ ಸರ್ ಹ್ಯೂ ಲೇನ್ ಅದಕ್ಕೆ 10,000 ಪೌಂಡು ಕೂಗಿದನು. ಅದೇ ವರ್ಷ ಮೇ ತಿಂಗಳಲ್ಲಿ ಲುಸಿಟಾನಿಯಾ ಹಡಗಿನೊಂದಿಗೆ ಲೇನ್ ಜಲಸಮಾಧಿಯಾದನು. ಆದರೂ ಕೊಟ್ಟ ಮಾತು ಮುಳುಗಲಿಲ್ಲ. 1917ರಲ್ಲಿ ಸಾರ್ಜೆಂಟ್ ಅಮೆರಿಕದ ಅಧ್ಯಕ್ಷ ವಿಲ್ಸನ್ನರ ಭಾವಚಿತ್ರ ಬರೆದು ಋಣ ತೀರಿಸಿದನು. ಅದು ಡಬ್ಲಿನ್ನಿನ ರಾಷ್ಟ್ರೀಯ ಕಲಾಶಾಲೆಗೆ ಸೇರಿತು. ಇಲ್ಲಿ ಸಾರ್ಜೆಂಟನಿಗೆ ಹೆಸರು ಬೇಕಾಗಿರಲಿಲ್ಲ. ಅವನ ಹೆಸರೇ ಆ ಹಣವನ್ನು ತಂದಿತು.

ಹೆಸರಿಲ್ಲದ ತರುಣನ ಪಾಡು ಬೇರೆ. ತಿಂಗಳುಗಟ್ಟಲೆ ಬರೆದ ಚಿತ್ರ ಕಡಿಮೆ ಕೂಗಿಗೆ ಹೋದರೆ, ಹಲಸಿನ ಹಣ್ಣಿನ ಹಾಗಲ್ಲ, ಅದೇ ಅವನ ಬೆಲೆಯೆಂದು ಜನ ನೆನಪಿಡುತ್ತಾರೆ. ಬಣ್ಣ, ಬಟ್ಟೆ, ಚೌಕಟ್ಟಿನ ಖರ್ಚು ಅವನ ತಲೆಯ ಮೇಲೆ. ಕಾನೂನೂ ಅವನ ಕಡೆಗಿಲ್ಲ. ಅಮೆರಿಕದಲ್ಲಿ 1969ರ ಕಾಯಿದೆಯ ನಂತರ, ಕಲಾವಿದ ತನ್ನದೇ ಕೃತಿಯನ್ನು ದಾನ ಮಾಡಿದರೆ ಸಾಮಗ್ರಿಯ ಖರ್ಚಿಗಷ್ಟೇ ತೆರಿಗೆ ರಿಯಾಯಿತಿ. ಭಾರತದ 1961ರ ಆದಾಯ ತೆರಿಗೆ ಕಾಯಿದೆಯ 80ಜಿ ವಿಧಿಯೂ ರಿಯಾಯಿತಿ ಕೊಟ್ಟದ್ದು ಹಣದ ದಾನಕ್ಕೆ, ವಸ್ತುವಿನ ದಾನಕ್ಕಲ್ಲ.

ಯಕ್ಷಗಾನದ ಸೇವೆಯಾಟವನ್ನು ಆಲೋಚಿಸಿ. ಆಟ ದೇವರ ಸೇವೆಯೇ. ಹಾಗೆಂದು ಆಡಿಸುವವರು ಮೇಳಕ್ಕೆ ವೀಳ್ಯ ಕೊಡದೆ ಕಳುಹಿಸುವುದಿಲ್ಲ. ರಾತ್ರಿಯಿಡೀ ಚೆಂಡೆ ಬಾರಿಸಿದವರಿಗೆ "ನಿಮಗೆ ಹೆಸರು ಬಂತಲ್ಲ" ಎಂದು ಯಾರೂ ಹೇಳುವುದಿಲ್ಲ. ಚಿತ್ರ ಬರೆಯುವವನ ಕೈಗೂ ಅದೇ ಮರ್ಯಾದೆ ಸಲ್ಲಬೇಕು.

ಆದ್ದರಿಂದ ಚಿತ್ರ ಕೇಳುವ ಸಮಿತಿಗಳು ಕನಿಷ್ಠ ಬೆಲೆಯನ್ನು ಮೊದಲೇ ನಿಶ್ಚಯಿಸಲಿ. ಸಾಮಗ್ರಿಯ ಖರ್ಚನ್ನಾದರೂ ಕೊಡಲಿ. ಕೂಗಿ ಪಡೆದವರ ಹೆಸರಿನೊಂದಿಗೆ ಬರೆದವರ ಹೆಸರನ್ನೂ ಸಭೆಯಲ್ಲಿ ಸಾರಲಿ. ಇಲ್ಲವೆನ್ನುವ ಸ್ವಾತಂತ್ರ್ಯ ಕಲಾವಿದನಿಗಿರಲಿ. ಮನಸಾರೆ ಕೊಟ್ಟದ್ದು ಕಾಣಿಕೆ. ದಾಕ್ಷಿಣ್ಯಕ್ಕೆ ಸಿಕ್ಕಿಸಿ ಪಡೆದದ್ದು ಕಾಣಿಕೆಯಾಗದು. ದೇವರ ಹುಂಡಿಗೆ ಇನ್ನೊಬ್ಬನ ಕೂಲಿ ಬೀಳಬಾರದು.

ಶ್ರೀ ದೇವರು ಕೊಡುವವರಿಗೂ ಕೇಳುವವರಿಗೂ ಸದ್ಬುದ್ಧಿಯನ್ನಿತ್ತು ಅನುಗ್ರಹಿಸಲಿ.